ಕಪ್ಪು ಕಲ್ಲಿನಲ್ಲಿ ದ್ರಾನೆ

ನೆತ್ತರು ಇಷ್ಟು ಬಿಸಿ ಇರುತ್ತದೆ ಎಂಬುದು ಪ್ರತಿ ವರ್ಷವೂ ಮರೆತುಹೋಗುತ್ತದೆ, ಮಣಿಕಟ್ಟಿನ ತನಕ ಬಿಸಿ, ಅಲ್ಲಿಂದ ಮೇಲಕ್ಕೆ ಚುಚ್ಚುವ ಚಳಿ, ಒಂದೇ ತೋಳಿಗೆ ಎರಡು ಕಾಲ, ಬೋಗುಣಿಯೊಳಗೆ ಬೆರಳು ಅಗಲಿಸಿ ತಿರುವು, ತಿರುವುತ್ತಲೇ ಇರು, ಕೈ ನಿಲ್ಲಿಸಿದೆಯೋ ಹೆಪ್ಪುಗಟ್ಟುತ್ತೆ ಹುಡುಗಿ, ಅಂದಿದ್ದಳು ಅತ್ತೆ ಸ್ತಾನಾ ಮೊದಲ ವರ್ಷ, ಆಗ ದ್ರಾನೆಗೆ ಮೂವತ್ತೇಳು, ಹುಡುಗಿ ಎಂದದ್ದು ಕುಟುಕುವುದಕ್ಕೆ, ಮೂವತ್ತೇಳರ ತನಕ ಯಾರಿಗೂ ಬೇಡವಾಗಿ ಅಲ್ಬಾನಿಯಾದ ಬೆಟ್ಟದಲ್ಲಿ ಮೇಕೆ ಕಾಯುತ್ತ ಕೂತಿದ್ದವಳನ್ನು ನಲವತ್ತೆಂಟರ ಸೆರ್ಬಿಯಾದವನೊಬ್ಬ ದಲ್ಲಾಳಿಯ ಜೊತೆ ಬಂದು ನೋಡಿ, ಹಲ್ಲು ಗಟ್ಟಿಯಾಗಿದೆ, ಆಗಬಹುದು ಎಂದಿದ್ದ — ಹಂದಿ ಇನ್ನೂ ಒದೆಯುತ್ತಿದೆ, ಮೈದುನ ವೆಲಿಮಿರ್ ಅದರ ಪಕ್ಕೆಯ ಮೇಲೆ ಕೂತು ನಗುತ್ತಿದ್ದಾನೆ, ಹಿಡ್ಕೋ ಅತ್ತಿಗೆ, ಒಂದು ಹನಿ ಚೆಲ್ಲಿದ್ರೂ ನಿನ್ನ ಪಿಂಚಣೀಲಿ ಹಿಡೀತೀನಿ, ಸುತ್ತ ನಿಂತ ಗಂಡಸರೂ ನಕ್ಕರು, ಒಬ್ರಾದ್ ಮಾತ್ರ ನಗಲಿಲ್ಲ. ಕತ್ತಿನ ತೂತಿನಿಂದ ಚಾಕು ಹೊರಗೆಳೆದ, ಒರೆಸಲಿಲ್ಲ, ಕೈಯಲ್ಲೇ ಹಿಡಿದು ನಿಂತ. ಊರಿಗೆಲ್ಲ ಹಂದಿ ಕೊಯ್ಯುವವನು ಅವನೇ, ಕೊಯ್ಯುವ ಮೊದಲು ಒಂದು ಗುಟುಕು ಪ್ಲಮ್ ಸಾರಾಯಿ, ಒಂದು ಪೋಲಿ ಮಾತು, ಹಂದಿಯ ಕಿವಿ ಹಿಡಿದು ಏನಪ್ಪಾ ಹೊರಟೆಯಾ ಎನ್ನುವ ತಮಾಷೆ, ಇವತ್ತು ಯಾವುದೂ ಇಲ್ಲ, ತಡವಾಗಿ ಬಂದ, ಕೊಟ್ಟ ಲೋಟವನ್ನು ಬೇಲಿಗೂಟದ ಮೇಲಿಟ್ಟ, ನೇರ ಬಂದು ಇರಿದ. ಅವನ ಬೂಟಿಗೆ ಹಳದಿ ಮಣ್ಣು. ಈ ಊರಿನ ಮಣ್ಣೆಲ್ಲ ಕಪ್ಪು, ಹಳದಿ ಇರುವುದು ಸ್ಮಶಾನದ ದಿಬ್ಬದಲ್ಲಿ ಮಾತ್ರ. ಅಂದರೆ ಹೋಗಿದ್ದಾನೆ, ನೋಡಿದ್ದಾನೆ. ದ್ರಾನೆಯ ಬಲ ಮಣಿಕಟ್ಟು ಮೊನ್ನೆಯಿಂದ ನೋಯುತ್ತಿದೆ, ಯಾಕೆ ಎಂದು ಅವಳಿಗೆ ಗೊತ್ತು, ಈಗ ಅದು ಬೇಡ, ತಿರುವು, ಸುಮ್ಮನೆ ತಿರುವು.

ಕೊಟ್ಟಿಗೆಯ ಪಕ್ಕದ ಬೆಂಚಿನ ಮೇಲೆ ಪಿಂಚಣಿ ಕಚೇರಿಯ ಹೆಂಗಸು ಕೂತಿದ್ದಾಳೆ, ಪಟ್ಟಣದ ಬೂಟು, ಮೂಗಿಗೆ ಕರವಸ್ತ್ರ, ನೆತ್ತರಿನ ಕಡೆ ನೋಡದ ಹಾಗೆ ಕುತ್ತಿಗೆ ತಿರುಗಿಸಿಕೊಂಡಿದ್ದಾಳೆ, ಇವತ್ತೇ ಬರಬೇಕಿತ್ತಾ ಈಕೆ ಎಂದರೆ ಹೌದು, ಇವತ್ತೇ, ಹಂದಿ ಕೊಯ್ಯುವ ದಿನ ಎಲ್ಲರೂ ಅಂಗಳದಲ್ಲೇ ಸಿಗುತ್ತಾರೆ ಕಣಮ್ಮಾ ಎಂದು ಅವಳಿಗೆ ಹೇಳಿ ಕರೆಸಿದವನು ವೆಲಿಮಿರ್, ದೂರು ಬರೆದವನೂ ಅವನೇ. ದ್ರಾನೆಯ ಗಂಡ ಸ್ರೆತೆನ್ ಇಪ್ಪತ್ತೈದು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದವನು, ಅವನು ಸತ್ತ ಮೇಲೆ ಅವನ ಪಿಂಚಣಿಯಲ್ಲಿ ಹೆಂಡತಿಗೆ ಪಾಲು, ಆದರೆ ಹೆಂಡತಿ ಎಂದರೆ ಸಾಯುವ ತನಕ ಒಟ್ಟಿಗೆ ಬಾಳಿದವಳು, ಬಿಟ್ಟುಹೋದವಳಲ್ಲ, ಹಾಗಂತ ಕಿಟಕಿಯ ಹಿಂದೆ ಕೂತ ಈಕೆಯೇ ಹೇಳಿದ್ದಳು, ಅದಕ್ಕೂ ಮೊದಲು ಹುಟ್ಟೂರಿನಿಂದ ಕಾಗದ ತರಿಸಿ, ಅದಕ್ಕೆ ಮುದ್ರೆ, ಆ ಮುದ್ರೆ ನಿಜದ್ದೇ ಎಂಬುದಕ್ಕೆ ಇನ್ನೊಂದು ಮುದ್ರೆ, ಅಲ್ಲಿ ನಿನಗೆ ಬೇರೆ ಗಂಡ ಇರಲಿಲ್ಲ ತಾನೇ, ಇಲ್ಲಮ್ಮಾ, ಅಲ್ಲಿ ಮೇಕೆಗಳಿದ್ದವು. ಎಲ್ಲ ಆಯಿತು, ಎಲ್ಲ ಮುಗಿದು ಇನ್ನೇನು ಕೈಗೆ ಬರಬೇಕು ಎನ್ನುವಾಗ ವೆಲಿಮಿರನ ದೂರು, ಈ ಹೆಂಗಸು ನನ್ನ ಅಣ್ಣನನ್ನು ಬಿಟ್ಟು ಓಡಿಹೋಗಿದ್ದಳು, ಒಂದು ಚಳಿಗಾಲ ಪೂರ್ತಿ ಮನೆಯಲ್ಲಿರಲಿಲ್ಲ, ಆಮೇಲೆ ಇದ್ದದ್ದು ಹೆಂಡತಿಯಾಗಿ ಅಲ್ಲ, ಕೂಳಿಗೆ. ಪಿಂಚಣಿ ಇಲ್ಲದಿದ್ದರೆ ಏನು ಎಂಬುದನ್ನೂ ಅವನೇ ಹೇಳಿದ್ದಾನೆ, ಬಾಗಿಲಿಗೆ ಒರಗಿ ಹಲ್ಲಿಗೆ ಕಡ್ಡಿ ಚುಚ್ಚಿಕೊಳ್ಳುತ್ತ, ಮನೆ ನಮ್ಮಪ್ಪಂದು, ಹೊಲ ನಮ್ಮಪ್ಪಂದು, ನಿನ್ನದು ಅಂತ ಏನಿದೆ ಅತ್ತಿಗೆ, ಹಂದಿ ಹಟ್ಟಿ ಬಾಚ್ಕೊಂಡು ಬಿದ್ದಿರು, ಇಲ್ಲಾಂದ್ರೆ ಬಸ್ ಸ್ಟ್ಯಾಂಡ್ ಎಲ್ಲಿದೆ ಗೊತ್ತಲ್ಲ, ಒಂದ್ಸಲ ಹತ್ತಿದ್ದೀಯಾ. ಹತ್ತಿದ್ದಳು, ಸುಳ್ಳಲ್ಲ. ಅದೇ ಹೊಟ್ಟೆ ಉರಿಸುವುದು, ಅವನು ಹೇಳುವುದು ಸುಳ್ಳಲ್ಲ. ಒಲೆಯ ಕೆಂಡ ಕೆದಕುವ ಕಬ್ಬಿಣದ ಕೊಂಡಿ, ಎಡ ತೋಳು, ಮೊಣಕೈ ಮೇಲೆ, ಸೂಪಿಗೆ ಉಪ್ಪು ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ ಈಗ ನೆನಪಿಲ್ಲ, ಮೂಳೆ ಮುರಿದ ಸದ್ದು ನೆನಪಿದೆ, ಸೌದೆಯಷ್ಟು ಜೋರಿರಲಿಲ್ಲ, ಹಸಿ ಕಡ್ಡಿ, ಅಷ್ಟೇ, ಸ್ರೆತೆನ್ ಕೊಂಡಿಯನ್ನು ಮತ್ತೆ ಅದರ ಮೊಳೆಗೆ ತೂಗುಹಾಕಿ ಕೂತು ಊಟ ಮಾಡಿದ, ಸ್ತಾನಾ ಬಟ್ಟೆಯಲ್ಲಿ ತೋಳು ಕಟ್ಟಿದಳು, ಒಬ್ರಾದ್ ತನ್ನ ಹಳೇ ಕಾರಿನಲ್ಲಿ ಆಸ್ಪತ್ರೆಗೆ ಒಯ್ದ. ಒಬ್ರಾದ್ ಅವರ ಕೂಮ್, ಮದುವೆಯಲ್ಲಿ ಸಾಕ್ಷಿ ನಿಂತವನು, ಇಲ್ಲಿಯ ಜನಕ್ಕೆ ಕೂಮ್ ಎಂದರೆ ಒಡಹುಟ್ಟಿದವನಿಗಿಂತ ಒಂದು ಮೆಟ್ಟಿಲು ಮೇಲೆ, ಅವನ ಮಾತು ಮೀರಿದರೆ ಮನೆಗೆ ಕೇಡು, ಅಂಥವನು ದಾರಿಯುದ್ದಕ್ಕೂ ಹೇಳಿದ್ದು ಒಂದೇ ಮಾತು, ಡಾಕ್ಟ್ರು ಕೇಳಿದ್ರೆ ಏಣಿಯಿಂದ ಬಿದ್ದೆ ಅನ್ನು ತಂಗಿ, ಅಟ್ಟದ ಏಣಿ, ಗೊತ್ತಾಯ್ತಾ. ಗೊತ್ತಾಯಿತು. ಏಣಿಯಿಂದ ಬಿದ್ದಳು. ಕಟ್ಟು ಹಾಕಿಸಿಕೊಂಡು ಹೊರಬಂದವಳು ಮನೆಯ ದಾರಿ ಹಿಡಿಯಲಿಲ್ಲ, ಕಾರು ಹತ್ತಿದವಳೇ ಬಸ್ಸಿಗೆ ಬಿಡಣ್ಣಾ ಅಂದಳು, ಅಷ್ಟೇ, ಅಳಲಿಲ್ಲ, ಬಿಟ್ಟ. ಹಿಮ ಕರಗಿದ ಮೇಲೆ ತವರಿನ ಬೆಟ್ಟ ಹತ್ತಿ ಬಂದು ವಾಪಸು ಕರೆದುಕೊಂಡು ಹೋದವನೂ ಅವನೇ. ಅವನು ಬದಲಾಗಿದ್ದಾನೆ ತಂಗಿ, ಕುಡಿಯೋದು ಬಿಟ್ಟಿದ್ದಾನೆ, ನಿನಗೋಸ್ಕರ ಏನೋ ಮಾಡಿಸಿಟ್ಟಿದ್ದಾನೆ, ಬಂದು ನೋಡು, ಕಣ್ಣಲ್ಲಿ ನೀರು ಬರುತ್ತೆ.

ಮಾಡಿಸಿಟ್ಟದ್ದು ಕಲ್ಲು. ಇಳಿದ ದಿನವೇ ಸ್ರೆತೆನ್ ಅವಳ ಬಲಗೈ ಹಿಡಿದ, ಎಡಗೈ ಇನ್ನೂ ಮಡಚಲು ಬರುತ್ತಿರಲಿಲ್ಲ, ಹಳದಿ ಮಣ್ಣಿನ ದಿಬ್ಬ ಹತ್ತಿಸಿದ, ಹೊಸ ಅಂಗಿ ತಂದವನಷ್ಟು ಸಂಭ್ರಮ ಅವನ ಮುಖದಲ್ಲಿ, ಕಣ್ಣು ಮುಚ್ಕೋ, ಈಗ ಬಿಡು. ಎದೆಯೆತ್ತರದ ಕಪ್ಪು ಗ್ರಾನೈಟು, ಕನ್ನಡಿಗಿಂತ ನುಣುಪು, ಅದರಲ್ಲಿ ಎರಡು ಮುಖ ಕೆತ್ತಿಸಿದ್ದ, ಅವನದು ಟೋಪಿ ಹಾಕಿ ನಗುತ್ತಿರುವುದು, ಅವಳದು ವಾಸದ ಪರವಾನಗಿಗೆ ತೆಗೆಸಿದ ಫೋಟೋ ನೋಡಿ ಕೆತ್ತಿದ್ದು, ತಲೆವಸ್ತ್ರ, ಬಿಗಿದ ತುಟಿ, ಪೊಲೀಸರ ಮುಂದೆ ಕೂತ ಕಣ್ಣು, ಅವನ ಹೆಸರಿನ ಕೆಳಗೆ ಹುಟ್ಟಿದ ವರ್ಷ, ಒಂದು ಗೆರೆ, ಖಾಲಿ, ಅವಳ ಹೆಸರಿನ ಕೆಳಗೆ ೧೯೭೧, ಒಂದು ಗೆರೆ, ಖಾಲಿ. ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ, ಬದುಕಿರುವಾಗಲೇ ಗಂಡಹೆಂಡಿರ ಕಲ್ಲು ನಿಲ್ಲಿಸಿ, ಭಾನುವಾರ ಹೋಗಿ ತಮ್ಮದೇ ಮುಖದ ಮೇಲಿನ ಧೂಳು ಒರೆಸಿ, ಅದರ ಮುಂದೆಯೇ ಕೂತು ಬುತ್ತಿ ಬಿಚ್ಚುತ್ತಾರೆ, ಸ್ತಾನಾಳ ಮುಖವೂ ಮಾವನ ಪಕ್ಕದಲ್ಲಿ ಎಷ್ಟೋ ವರ್ಷದಿಂದ ಕಾಯುತ್ತಿದೆ. ದ್ರಾನೆಯ ಬೆಟ್ಟದಲ್ಲಿ ಹಾಗಿಲ್ಲ, ಫೋನಿನಲ್ಲಿ ಹೇಳಿದಾಗ ಅವಳ ಅವ್ವ ಕಿರುಚಿಕೊಂಡಳು, ಬದುಕಿರೋಳ ಹೆಸರು ಕಲ್ಲಿಗೆ ಕೊಟ್ಟುಬಿಟ್ರಾ ಮಗಳೇ, ಯಾರು ಕೊಟ್ರು, ನೀನು ಸುಮ್ಮನಿದ್ಯಾ. ಸ್ರೆತೆನ್ ಹಿಂದಿನಿಂದ ಅವಳ ಭುಜದ ಮೇಲೆ ಗದ್ದ ಊರಿ, ನಿಜವಾಗಿಯೂ ಪ್ರೀತಿಯಿಂದ, ಕಿವಿಯ ಹತ್ತಿರ ಹೇಳಿದ್ದ, ಇನ್ನೆಲ್ಲಿ ಓಡ್ತೀಯಾ? ಬಾಯಿಂದ ಪುದೀನದ ವಾಸನೆ, ಅದರ ಹಿಂದೆ ಸಾರಾಯಿಯದು. ಆ ವರ್ಷವೇ ಎರಡು ಪಕ್ಕೆಲುಬು. ಮರುವರ್ಷ ಕಿವಿ, ಎಡಗಿವಿ, ಅದರಲ್ಲಿ ಈಗಲೂ ಜೇನುಹುಳು ಗುಂಯ್‌ಗುಟ್ಟುತ್ತದೆ. ಎಷ್ಟು ಬಾರಿ ಏಣಿಯಿಂದ ಬಿದ್ದಳು ಎಂದು ಲೆಕ್ಕವಿಟ್ಟವರಿಲ್ಲ, ಪಿಂಚಣಿ ಎಂದರೆ ಅದೇ ತಾನೇ, ಅವನು ಭೂಮಿಯೊಳಗೆ ದುಡಿದ, ಇವಳು ಮನೆಯೊಳಗೆ, ಇಬ್ಬರಿಗೂ ಮೈ ನುಗ್ಗಾಯಿತು, ಅವನದನ್ನು ಸರ್ಕಾರ ಒಪ್ಪಿಕೊಂಡಿತು. ಆಗಸ್ಟಿನಲ್ಲಿ ಟ್ರ್ಯಾಕ್ಟರ್ ಇಳಿಜಾರಿನಲ್ಲಿ ಮಗುಚಿ ಅವನು ಅದರಡಿಯಲ್ಲಿ ಸಿಕ್ಕಿದಾಗ ಮೊದಲು ಕಂಡವಳು ಅವಳು, ಸೊಂಟದಿಂದ ಕೆಳಗೆ ಅವನಿರಲಿಲ್ಲ, ಬರೀ ಕಬ್ಬಿಣ, ಅವನ ಕಣ್ಣು ಅವಳನ್ನು ನೋಡಿ, ಬಾಯಿ ಏನೋ ಅಂದು, ಅವಳು ಜನರನ್ನು ಕರೆಯಲು ಓಡಿದಳು, ಓಡಿದಳೋ ನಡೆದಳೋ, ಬೇಲಿಯ ಹತ್ತಿರ ನಿಂತು ಮಡಿಲ ಬಟ್ಟೆಗೆ ಅಂಟಿದ ಹುಲ್ಲಿನ ಬೀಜಗಳನ್ನು ಒಂದೊಂದಾಗಿ ಕಿತ್ತದ್ದು ನೆನಪಿದೆ. ಶಿಲ್ಪಿ ಬಂದು ಅವನ ಗೆರೆಯ ಪಕ್ಕ ವರ್ಷ ತುಂಬಿದ. ಅವಳದು ಖಾಲಿ ಉಳಿಯಿತು.

ಅವನು ಸತ್ತ ನಲವತ್ತನೇ ದಿನ ಸಮಾಧಿಯ ಮುಂದೆ ಊರವರಿಗೆಲ್ಲ ಊಟ, ವೆಲಿಮಿರ್ ಕುಡಿದು ಕಲ್ಲಿಗೆ ಬೆರಳು ಚುಚ್ಚಿ ಕೂಗಿದ, ಈ ಬೆಟ್ಟದವಳ ಮುಖಾನ ಒಂದಿನ ನಾನೇ ಸುತ್ತಿಗೇಲಿ ಕಿತ್ತು ಹಾಕ್ತೀನಿ, ನನ್ನಣ್ಣನ ಪಕ್ಕ ಮಲಗೋಕೆ ಇವಳ್ಯಾರು, ಎಲ್ಲರೂ ಕೇಳಿಸಿಕೊಂಡರು, ಒಬ್ರಾದ್ ಅವನ ಕೈಯಿಂದ ಲೋಟ ಕಿತ್ತುಕೊಂಡು ಕೂರಿಸಿದ. ಆ ಮಾತು ಎಲ್ಲರ ಕಿವಿಯಲ್ಲೂ ಇದೆ. ಮೊನ್ನೆ ಬೆಳಿಗ್ಗೆ ದಿಬ್ಬದ ಮೇಲೆ ಮಂಜು, ಹಿಮಕ್ಕೆ ಸಡಿಲಾದ ದೀಪದ ಗೂಟ ಬಡಿಯಲು ದ್ರಾನೆ ಸುತ್ತಿಗೆ ಒಯ್ದಿದ್ದಳು, ಬೇರೆ ಯಾವುದಕ್ಕೂ ಅಲ್ಲ, ದೇವರಾಣೆ ಬೇರೆ ಯಾವುದಕ್ಕೂ ಅಲ್ಲ, ಕಚೇರಿಯ ಹೆಂಗಸು ಸಮಾಧಿ ನೋಡುತ್ತೇನೆ ಎಂದರೆ ದೀಪ ನೆಟ್ಟಗಿರಲಿ, ಹೆಂಡತಿ ನೋಡಿಕೊಳ್ಳುತ್ತಾಳೆ ಎಂದು ಕಾಣಲಿ. ಬಟ್ಟೆಯಿಂದ ಅವನ ಮುಖದ ತೇವ ಒರೆಸಿದಳು, ನಗುತ್ತಿದ್ದ. ಅವಳದನ್ನು ಒರೆಸಿದಳು. ಪಕ್ಕಪಕ್ಕ, ಕಿವಿಗೆ ಕಿವಿ ತಾಗುವಷ್ಟು ಹತ್ತಿರ, ಇನ್ನೆಲ್ಲಿ ಓಡ್ತೀಯಾ, ಪಿಂಚಣಿ ಸಿಕ್ಕರೂ ಇಲ್ಲಿಗೆ, ಸಿಗದಿದ್ದರೂ ಇವನ ಮಗ್ಗುಲಲ್ಲಿ ಈ ಮುಖ, ಗೆರೆಯ ಪಕ್ಕದ ಆ ಜಾಗ ಬಾಯಿ ಬಿಟ್ಟುಕೊಂಡು ಕೂತಿದೆ, ಸುತ್ತಿಗೆ ಎದ್ದಿತು, ಮೊದಲು ಅವನ ಕಡೆಗೇ ಎದ್ದಿತು, ಅವನ ಹಲ್ಲಿನ ಕಡೆಗೆ, ಕೈ ಹೋಗಲಿಲ್ಲ, ಸತ್ತು ಮೂರು ತಿಂಗಳಾಗಿ ಮಣ್ಣಡಿ ಮಲಗಿದವನ ಕಲ್ಲುಮುಖಕ್ಕೂ ಅವಳ ಕೈ ಏಳಲಿಲ್ಲ, ಆ ನಾಚಿಕೆಗೇ ಇರಬೇಕು ಅಷ್ಟು ಬಲ ಬಂದದ್ದು, ತನ್ನ ಬಾಯಿಗೆ ಒಂದು, ತನ್ನ ಕಣ್ಣಿಗೆ ಒಂದು, ಮತ್ತೆ ಬಾಯಿಗೆ, ಚೂರು ಹಾರಿ ಕೆನ್ನೆಗೆ ಬಡಿಯಿತು, ಮತ್ತೆ, ಮತ್ತೆ, ಸ್ರೆತೆನ್ ಹೊಡೆಯುವಾಗ ಬಿಡುತ್ತಿದ್ದ ಆ ಉಸಿರೇ ಅವಳ ಮೂಗಿನಿಂದಲೂ ಬರುತ್ತಿತ್ತು, ಹುಂ, ಹುಂ, ಅದನ್ನು ಕೇಳಿಸಿಕೊಂಡ ಮೇಲೆ ನಿಲ್ಲಿಸಿದಳು. ಮುಖವಿದ್ದಲ್ಲಿ ಬಿಳಿ ಗುಂಡಿ. ಹೆಸರು ಹಾಗೇ ಇತ್ತು, ೧೯೭೧ ಹಾಗೇ ಇತ್ತು, ಗೆರೆ ಹಾಗೇ ಇತ್ತು. ಮನೆಗೆ ಬಂದು ಸುತ್ತಿಗೆಯನ್ನು ಮೊಳೆಗೆ ತೂಗುಹಾಕಿದಳು.

ಈಗ ಒಬ್ರಾದ್ ಬಾಯಿ ಬಿಡುತ್ತಾನೆ. ಸ್ರೆತೆನ್ ವಿಷಯ ಮಾತಾಡೋಕೆ ಮುಂಚೆ ಒಂದು ದೀಪ ಹಚ್ಚೋಣ ಅಂತ ಹೋಗಿದ್ದೆ, ಎಂದ, ಯಾರನ್ನೂ ನೋಡದೆ. ವೆಲಿಮಿರ್ ಹಂದಿಯ ಮೇಲಿಂದ ಎದ್ದ, ಒಳ್ಳೇದಾಯ್ತಲ್ಲ, ಈಗ ಈ ಅಮ್ಮನ ಮುಂದೆ ಹೇಳು, ಅವಳು ಓಡಿಹೋಗಿದ್ಲಾ ಇಲ್ವಾ, ಹೇಳ್ತೀನಿ ಅಂದಿದ್ಯಲ್ಲ. ಅಂದಿದ್ದ, ಹೌದು, ಮೊನ್ನೆಯ ತನಕ ಒಬ್ರಾದ್ ಅವನ ಕಡೆಗೇ ಇದ್ದ, ರಕ್ತ ರಕ್ತವೇ ತಂಗಿ, ಅವನು ಸ್ರೆತೆನ್ ತಮ್ಮ, ನಾನೇನು ಮಾಡ್ಲಿ ಎಂದು ದ್ರಾನೆಯ ಮುಖಕ್ಕೇ ಹೇಳಿದ್ದ. ಒಬ್ರಾದ್ ಕೇಳುತ್ತಾನೆ, ನೀನು ಯಾವಾಗ ಹೋಗಿದ್ದೆ? ಎಲ್ಲಿಗೆ? ದಿಬ್ಬಕ್ಕೆ. ನಾನ್ಯಾಕೆ ಹೋಗ್ಲಿ, ನನ್ನ ಸರದಿ ಇನ್ನೂ ಬಂದಿಲ್ಲ ಮಾರಾಯ, ವೆಲಿಮಿರ್ ನಕ್ಕ, ನಗು ಪೂರ್ತಿಯಾಗಲಿಲ್ಲ, ಒಬ್ರಾದನ ಚಾಕುವಿನ ಹಿಡಿ ಅವನ ಬಾಯೊಳಗಿತ್ತು. ಕಚೇರಿಯ ಹೆಂಗಸು ಚೀರಿದಳು. ಸತ್ತವನ ಕಲ್ಲು ಒಡೀತೀಯೇನೋ, ಅಣ್ಣನ ಕಲ್ಲು ಕಣೋ ಅದು, ನಾಯಿ, ಅಣ್ಣಂದು, ಪ್ರತಿ ಮಾತಿಗೂ ಒಂದು ಏಟು, ವೆಲಿಮಿರನ ತುಟಿ ಸೀಳಿ ಹಲ್ಲು ಹೊರಬಂತು, ನೆಲದ ನೆತ್ತರಿನಲ್ಲಿ ಯಾವುದು ಹಂದಿಯದು ಯಾವುದು ಅವನದು ತಿಳಿಯದು, ನಾನಲ್ಲ, ತಾಯಾಣೆ ನಾನಲ್ಲ, ಸುತ್ತಿಗೇಲಿ ಕೀಳ್ತೀನಿ ಅಂದೋನು ಯಾರೋ, ನಿಮ್ಮಪ್ಪನಾ? ಕುಡಿದು ಅಂದಿದ್ದು ಕಣೋ, ಹಿಂದೆ ಸರಿದ, ಹಂದಿಯ ರೋಮ ಕೆರೆಯಲು ಕುದಿಯುವ ನೀರು ಸುರಿದಿಟ್ಟ ತೊಟ್ಟಿ ಅವನ ಮಂಡಿಯ ಹಿಂದೆ ತಾಗಿತು, ಆತುಕೊಳ್ಳಲು ಕೈ ಹಿಂದಕ್ಕೆ ಚಾಚಿದ, ಕೈ ಭುಜದ ತನಕ ಒಳಗೆ ಹೋಯಿತು. ಆ ಕೂಗು ಹಂದಿಯದಕ್ಕಿಂತ ಸಣ್ಣದು, ಉದ್ದ. ದ್ರಾನೆ ತಿರುವುತ್ತಿದ್ದಾಳೆ. ಹೇಳಿಬಿಡಬಹುದು, ಬಾಯಿ ಇದೆ, ನಾನು ಎಂಬ ಒಂದು ಮಾತು, ಹೇಳಿದರೆ ಪಿಂಚಣಿ ಹೋಯಿತು, ಮನೆ ಹೋಯಿತು, ಬಸ್ ಸ್ಟ್ಯಾಂಡ್, ಹೇಳದಿದ್ದರೆ ಇವನ ತೋಳಿನ ಚರ್ಮ ಅಂಗಿಯ ಜೊತೆ ಸುಲಿದು ಬರುತ್ತಿದೆ, ಬರಲಿ, ಬರಲಿ ಎನ್ನುತ್ತದೆ ಒಳಗೆ ಏನೋ, ಎಡಗಿವಿಯ ಜೇನುಹುಳು, ಎಡ ತೋಳು, ನಿನ್ನದೂ ಎಡವೇ ಅಲ್ಲವಾ, ಎಷ್ಟು ಚೆನ್ನಾಗಿದೆ, ದೇವರೇ, ಎಷ್ಟು ಚೆನ್ನಾಗಿದೆ ಎಂದು ಅನಿಸಿತು, ಅನಿಸಿದ್ದಕ್ಕೆ ಅವಳಿಗೆ ನಾಚಿಕೆಯೂ ಆಗಲಿಲ್ಲ. ವೆಲಿಮಿರ್ ಕೆಸರಿನಲ್ಲಿ ಮಂಡಿಯೂರಿ, ಬಾಯಿಂದ ಜೊಲ್ಲು ನೆತ್ತರು, ಅವಳನ್ನೇ ದಿಟ್ಟಿಸಿದ, ಕಣ್ಣು ಮೆಲ್ಲಗೆ ಅಗಲವಾಯಿತು, ನೀನು, ಎಂದ, ಇವಳು ಕಣೋ, ಇವಳೇ. ಯಾರೋ ಕ್ಯಾಕರಿಸಿ ಉಗಿದರು. ತನ್ನ ಸಮಾಧಿಗೆ ತಾನೇ ಸುತ್ತಿಗೆ ಎತ್ತುವವರುಂಟಾ, ತನ್ನ ಸಾವನ್ನು ತಾನೇ ಬಾ ಎಂದು ಕರೆದ ಹಾಗೆ, ಈ ಊರಿನಲ್ಲಿ ಹುಚ್ಚರೂ ಮಾಡುವುದಿಲ್ಲ, ಅದು ಯಾರ ತಲೆಗೂ ಹೋಗಲಾರದು, ಹೋಗಲಿಲ್ಲ.

ಬರ್ಕೊಳ್ಳಮ್ಮಾ, ಒಬ್ರಾದ್ ಏದುಸಿರು ಬಿಡುತ್ತ ಕಚೇರಿಯ ಹೆಂಗಸಿನ ಮುಂದೆ ನಿಂತ, ನಾನು ಇವರ ಕೂಮ್, ಈ ಕೈ ಇವರ ಮದುವೇಲಿ ದೀಪ ಹಿಡಿದಿತ್ತು, ಅವನು ಸಾಯೋ ದಿನದ ತನಕ ಇವಳು ಅವನ ಹೆಂಡತಿ, ಆ ಚಳಿಗಾಲ ಹೋದಳು, ಯಾಕೆ ಹೋದಳು, ಅವನು ತೋಳು ಮುರಿದ, ಅದಕ್ಕೇ ಹೋದಳು, ನಾನೇ ಬಸ್ಸು ಹತ್ತಿಸಿದ್ದು, ಅವನೇ ನನ್ನ ಕಳಿಸಿ ಕರೆಸಿಕೊಂಡ, ಇದನ್ನೂ ಬರ್ಕೋ, ಹೆಂಡತಿ ಅಲ್ಲದೋಳ ಮುಖಾನ ಯಾವನಾದ್ರೂ ತನ್ನ ಕಲ್ಲಿನ ಮೇಲೆ ಕೆತ್ತಿಸ್ತಾನಾ, ಹೇಳು? ಹೆಂಗಸು ಬರೆದಳು, ಕೆತ್ತಿಸಲ್ಲ ಬಿಡಿ, ಎಂದಳು, ಆಮೇಲೆ ದ್ರಾನೆಯ ಕಡೆ ತಿರುಗಿ ಮೆತ್ತಗೆ, ಹೊಸ ವರ್ಷಕ್ಕೆ ಬರುತ್ತೆ ಅಮ್ಮಾ, ಪೋಸ್ಟ್‌ಮ್ಯಾನ್ ಮನೆಗೇ ತಂದುಕೊಡ್ತಾನೆ. ಮುರಿದ ತೋಳಿನ ಮಾತು ಇಷ್ಟು ವರ್ಷದಲ್ಲಿ ಮೊದಲ ಸಲ ಬಯಲಲ್ಲಿ ಬಂತು, ಅದೂ ಕಲ್ಲು ಒಡೆದದ್ದಕ್ಕೆ, ತೋಳು ಒಡೆದದ್ದಕ್ಕಲ್ಲ. ಗಂಡಸರು ವೆಲಿಮಿರನನ್ನು ಎತ್ತಿ ಒಬ್ರಾದನ ಕಾರಿಗೆ ಹಾಕಿದರು, ಹೌದು ಅದೇ ಕಾರು, ಒಬ್ರಾದನೇ ಬಾಗಿಲು ಹಾಕುತ್ತ ಬಗ್ಗಿ ಹೇಳಿದ, ಡಾಕ್ಟ್ರು ಕೇಳಿದ್ರೆ ತೊಟ್ಟಿಗೆ ಜಾರಿ ಬಿದ್ದೆ ಅನ್ನು, ಗೊತ್ತಾಯ್ತಾ. ಸ್ತಾನಾ ಮಗನ ಹಿಂದೆ ಗೇಟಿನ ತನಕ ಹೋದಳು, ಸುಟ್ಟ ತೋಳಿಗೆ ತನ್ನ ತಲೆವಸ್ತ್ರ ಬಿಚ್ಚಿ ಹೊದಿಸಿದಳು, ಕಾರು ಹೋದ ಮೇಲೆ ಬರಿ ತಲೆಯಲ್ಲಿ, ಬಿಳಿ ಜಡೆ ಇಳಿಬಿಟ್ಟುಕೊಂಡು ಬಂದು, ಬೋಗುಣಿಯ ಪಕ್ಕ ಕುಕ್ಕರಿಸಿ, ಒಂದು ಹಿಡಿ ಉಪ್ಪು ನೆತ್ತರಿಗೆ ಉದುರಿಸಿದಳು. ಸುತ್ತಿಗೇನ ತೊಳೆದು ಇಡ್ಬೇಕಿತ್ತು, ಎಂದಳು. ಕಲ್ಲಿನ ಪುಡಿ ಬಿಳೀ ಬಣ್ಣ, ನಾನು ಒರೆಸಿಟ್ಟೆ. ಮುದುಕಿ ಅಳುತ್ತಿರಲಿಲ್ಲ, ಮಗನಿಗಾಗಿ ಅಳಬೇಕಾದವಳು, ಬೈಯಬೇಕಾದವಳು, ಕೂಗಿ ಊರು ಕೂಡಿಸಬೇಕಾದವಳು, ನೆತ್ತರಿನ ಮೇಲೆ ಕಣ್ಣು ನೆಟ್ಟು ಅಂದಳು, ಅಲ್ಲಿ ನನ್ನ ಮುಖಾನೂ ಇದೆ, ಅವರಪ್ಪನ ಪಕ್ಕ. ನನಗೆ ಕೈ ಬರಲಿಲ್ಲ.

ಆಮೇಲೆ ಒಬ್ರಾದ್ ಬರುತ್ತಾನೆ, ಕಾರನ್ನು ಬೇರೆಯವರ ಕೈಗೆ ಕೊಟ್ಟು ಕಳಿಸಿದ್ದಾನೆ, ಬೇಲಿಗೂಟದ ಮೇಲಿಟ್ಟ ಲೋಟ ಈಗ ಎತ್ತಿ ಒಂದೇ ಗುಟುಕಿಗೆ ಮುಗಿಸಿ ದ್ರಾನೆಯ ತಲೆಯ ಮೇಲೆ ತನ್ನ ಒದ್ದೆ ಅಂಗೈ ಇಡುತ್ತಾನೆ, ನಿಜವಾದ ಅಣ್ಣನ ಹಾಗೆ, ಅವನ ಕಣ್ಣಲ್ಲಿ ನೀರು, ಚಿಂತೆ ಮಾಡ್ಬೇಡ ತಂಗಿ, ಎಲ್ಲ ಸರಿಯಾಯ್ತು, ಪಿಂಚಣಿ ಬರುತ್ತೆ, ಅಷ್ಟೇ ಅಲ್ಲ, ನಾಳೇನೇ ಕಲ್ಲಿನವನಿಗೆ ಹೇಳ್ತೀನಿ, ಹೊಸ ಕಲ್ಲು, ಆ ನಾಯಿ ಖರ್ಚಲ್ಲೇ, ನಿನ್ನ ಮುಖ ಮೊದಲಿಗಿಂತ ಚೆನ್ನಾಗಿ, ಈ ಸಲ ನಗೋ ಹಾಗೆ, ಅವನ ಪಕ್ಕದಲ್ಲೇ, ಯಾವನೂ ನಿನ್ನ ಅಲ್ಲಿಂದ ಕದಲಿಸೋ ಹಾಗಿಲ್ಲ, ಯಾವನೂ, ನಾನಿದ್ದೀನಿ. ದೇವರು ನಿಮಗೆ ಒಳ್ಳೇದು ಮಾಡ್ಲಿ ಅಣ್ಣಾ, ಎಂದಿತು ಅವಳ ಬಾಯಿ, ಅನ್ನಲೇಬೇಕಲ್ಲ, ಸ್ತಾನಾ ಎಲ್ಲಿಂದಲೋ ಕರೆಯುತ್ತಿದ್ದಾಳೆ, ಕೈ, ಹುಡುಗಿ, ಕೈ, ತಿರುವು, ಯಾರ ಕೈ, ಬೆರಳ ಸಂದಿಯಲ್ಲಿ ನೆತ್ತರು ಮಂದವಾಗುತ್ತಿದೆ, ಬಿಸಿ ಹೋಯಿತು, ಎಳೆ ಎಳೆಯಾಗಿ ಬೆರಳಿಗೆ ಸುತ್ತಿಕೊಳ್ಳುತ್ತಿದೆ, ಎಳೆದರೆ ಬರುತ್ತಿಲ್ಲ, ಹೊಸ ಕಲ್ಲು, ಕಪ್ಪು, ನುಣುಪು, ನಗೋ ಹಾಗೆ, ಅವನ ಪಕ್ಕದಲ್ಲೇ, ಹೆಸರು, ಹೆಸರಿನ ಕೆಳಗೆ ೧೯೭೧, ೧೯೭೧ರ ಪಕ್ಕ ಗೆರೆ, ಗೆರೆಯ ಪಕ್ಕ, ೧೯೭೧ —